ಕೈಮರ ಯಾವ ಕಡೆ, ಡ್ರೈವರ್ ಯಾವ ಕಡೆ

ಬೀರೂರಿನಲ್ಲಿ ಕವಲೊಡೆದು ಶಿವಮೊಗ್ಗದತ್ತ ಹೊರಟ ಮೀಟರ್ ಗೇಜ್ ಕಂಬಿಯ ಮೇಲೆ ರೈಲು ಓಡತೊಡಗಿದ್ದು 1899ರಲ್ಲಿ. ಆಗ ಮೈಸೂರಿನಲ್ಲಿ ಕೆ. ಶೇಷಾದ್ರಿ ಅಯ್ಯರ್ ದಿವಾನರು. ಸುಮಾರು 38 ಮೈಲಿಯ ಈ ದಾರಿ ತರೀಕೆರೆಯನ್ನು ಹಾದು, ಹಿಂದೆ ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ ನಿಂತು ಶಿವಮೊಗ್ಗ ಸೇರುತ್ತದೆ. ನಡುವೆ ಭದ್ರೆಯನ್ನು ದಾಟಬೇಕು, ತುಂಗೆಯನ್ನೂ ದಾಟಬೇಕು. ಮಲೆನಾಡಿನ ಅಡಕೆಯೂ ಮರವೂ ಬಯಲುಸೀಮೆಗೆ ಇಳಿದದ್ದು, ಬಯಲುಸೀಮೆಯ ಜನ ಕೆಲಸ ಹುಡುಕಿಕೊಂಡು ಮಲೆನಾಡಿಗೆ ಬಂದದ್ದು ಈ ಕಂಬಿಯ ಮೇಲೆಯೇ.

ಈ ದಾರಿಯ ಚರಿತ್ರೆ ಬರೆಯುವಾಗ ದಿವಾನರ ಹೆಸರು, ಮೈಲಿಗಳ ಲೆಕ್ಕ, ಆರಂಭದ ವರ್ಷ ಇಷ್ಟನ್ನು ಹೇಳಿ ಮುಂದೆ ಹೋಗುವುದು ವಾಡಿಕೆ. ಎಂಜಿನ್ನಿನ ಬೆನ್ನಿಗೆ ಅಂಟಿಕೊಂಡ ಕಬ್ಬಿಣದ ಗೂಡಿನಲ್ಲಿ, ಮುಂದೆ ಬೆಂಕಿ ಹಿಂದೆ ಕಲ್ಲಿದ್ದಲು ಇಟ್ಟುಕೊಂಡು ನಿಂತವರಿಗೆ ದಾರಿ ಹೇಗೆ ಕಾಣುತ್ತಿತ್ತು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು ಎಂಬುದು ನನ್ನ ಹಟ. ಆ ಗೂಡಿನಲ್ಲಿ ಡ್ರೈವರ್ ಎಡಗಡೆ ಕೂರುತ್ತಿದ್ದನೋ ಬಲಗಡೆಯೋ ಎಂಬುದು ನೋಡಲು ಸಣ್ಣ ಪ್ರಶ್ನೆ. ಅದರ ಉತ್ತರ ಹುಡುಕುತ್ತ ಹೋದರೆ ಇಂಗ್ಲೆಂಡಿನ ಕಂಪನಿಗಳ ಜಗಳ, ಹನ್ನೊಂದು ಜನರ ಸಾವು, ನಮ್ಮ ಭದ್ರಾವತಿಯ ಕುಲುಮೆ, ಅರಸಾಳಿನ ಕಾಡಿನ ತಿರುವು ಎಲ್ಲವೂ ಎದುರಾಗುತ್ತವೆ.

ಎತ್ತಿನಗಾಡಿ ಹೊಡೆಯುವವನಿಗೆ ಈ ಪ್ರಶ್ನೆಯೇ ಇಲ್ಲ. ಅವನು ಮೂಕಿಯ ಮೇಲೆ ನಡುಮಧ್ಯೆ ಕೂರುತ್ತಾನೆ. ಎರಡು ಎತ್ತಿನ ನಡುವೆ ದಾರಿ ಪೂರ್ತಿ ಕಾಣುತ್ತದೆ. ಉಗಿ ಎಂಜಿನ್ನಿನಲ್ಲಿ ಆ ನಡುವಿನ ಜಾಗವನ್ನು ಬಾಯ್ಲರ್ ನುಂಗಿಬಿಟ್ಟಿದೆ. ಡ್ರೈವರನ ಮುಖದ ನೇರಕ್ಕೆ ಇರುವುದು ಬೆಂಕಿಗೂಡಿನ ಹಿಂಬದಿ, ಅದರ ಮೇಲೆ ಹಬೆಯ ಒತ್ತಡ ತೋರಿಸುವ ಗಡಿಯಾರ, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ, ರೆಗ್ಯುಲೇಟರಿನ ಹಿಡಿ. ಅದರಾಚೆಗೆ ಇಪ್ಪತ್ತು ಮೂವತ್ತು ಅಡಿ ಉದ್ದದ ಉರುಳೆ. ದಾರಿ ನೋಡಬೇಕಾದರೆ ಆ ಉರುಳೆಯ ಪಕ್ಕದಿಂದಲೇ ನೋಡಬೇಕು. ಎಡದ ಕಿಟಕಿಯಿಂದ ನೋಡಬೇಕು, ಇಲ್ಲವೇ ಬಲದ ಕಿಟಕಿಯಿಂದ. ಒಂದು ಕಡೆಯನ್ನು ಆರಿಸಿಕೊಂಡವನಿಗೆ ಇನ್ನೊಂದು ಕಡೆ ಕುರುಡು.

ರೈಲನ್ನು ಹುಟ್ಟಿಸಿದ ಬ್ರಿಟನ್ನಿನಲ್ಲಿ ಇದಕ್ಕೆ ಒಂದೇ ಉತ್ತರ ಇರಲಿಲ್ಲ. ಆರಂಭದ ಎಂಜಿನ್ನುಗಳಿಗೆ ಮೇಲೆ ಸೂರೇ ಇರಲಿಲ್ಲ. ಬಾಯ್ಲರ್ ಸಣ್ಣದು, ತಗ್ಗಾಗಿ ಕೂತದ್ದು. ನಿಂತವನು ಕತ್ತು ಎತ್ತಿದರೆ ಎರಡೂ ಕಡೆಯ ಕೈಮರಗಳು, ಅಂದರೆ ಸಿಗ್ನಲ್ ಕಂಬಗಳು, ಕಾಣುತ್ತಿದ್ದವು. ಆ ಕಾಲದಲ್ಲಿ ಹಲವು ಕಂಪನಿಗಳ ಡ್ರೈವರುಗಳು ಬಲಗಡೆ ನಿಂತರು. ಕುದುರೆಗಾಡಿಯವನು ಚಾವಟಿಯ ಕೈ ಬಿಡುವಾಗಿರಲೆಂದು ಬಲಕ್ಕೆ ಕೂರುತ್ತಿದ್ದ, ಅದೇ ಅಭ್ಯಾಸ ಮುಂದುವರಿಯಿತು ಎನ್ನುವವರಿದ್ದಾರೆ. ಇನ್ನು ಕೆಲವರು ಫೈರ್‌ಮನ್ನಿನ ಸಲಿಕೆಯನ್ನು ಮುಂದಿಡುತ್ತಾರೆ. ಕಲ್ಲಿದ್ದಲು ತುಂಬಿ ತಿರುಗಿ ಬೆಂಕಿಬಾಯಿಗೆ ಎಸೆಯುವವನಿಗೆ ಯಾವ ಬದಿಯಲ್ಲಿ ನಿಂತರೆ ಕೈ ಸಲೀಸು ಎಂಬ ವಾದ ಅಲ್ಲಿನ ಎಂಜಿನ್ ಷೆಡ್ಡುಗಳಲ್ಲಿ ಬಹುಕಾಲ ನಡೆಯಿತು. ಕಾರಣ ಏನೇ ಇರಲಿ, ಬಲಗಡೆ ನಿಂತದ್ದರಿಂದ ಆಗ ತೊಂದರೆ ಆಗಲಿಲ್ಲ.

ತೊಂದರೆ ಶುರುವಾದದ್ದು ಬಾಯ್ಲರ್ ಬೆಳೆದ ಮೇಲೆ. ಬ್ರಿಟನ್ನಿನಲ್ಲಿ ಜೋಡಿಹಳಿಯ ಮೇಲೆ ರೈಲು ಎಡಕ್ಕೆ ಓಡುತ್ತದೆ. ಅದರ ಕೈಮರಗಳೂ ಸಾಮಾನ್ಯವಾಗಿ ಎಡಬದಿಯಲ್ಲಿ ನಿಲ್ಲುತ್ತವೆ. 20ನೆಯ ಶತಮಾನ ಹೊರಳುವ ಹೊತ್ತಿಗೆ ಬಾಯ್ಲರುಗಳು ದಪ್ಪವಾಗಿ, ಎತ್ತರಕ್ಕೇರಿ, ಬಲಗಡೆ ನಿಂತವನಿಗೆ ಎಡಗಡೆಯ ಕೈಮರವನ್ನು ಪೂರ್ತಿ ಮರೆಮಾಡತೊಡಗಿದವು. ವೇಗವೂ ಹೆಚ್ಚಿತ್ತು. ನೋಡಲು ಸಿಗುವ ಸಮಯ ಕಡಿಮೆ, ನೋಡಬೇಕಾದ ವಸ್ತು ಮರೆಯಲ್ಲಿ.

ಇಲ್ಲಿ ಒಂದೊಂದು ಕಂಪನಿ ಒಂದೊಂದು ದಾರಿ ಹಿಡಿಯಿತು. ಲಂಡನ್ ಅಂಡ್ ನಾರ್ತ್ ವೆಸ್ಟರ್ನ್‌ನವರು ಎಡಗಡೆಯ ಪಕ್ಷ, ಡರ್ಬಿಯ ಮಿಡ್‌ಲ್ಯಾಂಡ್‌ನವರು ಬಲಗಡೆಯ ಪಕ್ಷ. ಲಂಡನ್ ಅಂಡ್ ಸೌತ್ ವೆಸ್ಟರ್ನ್ ಎಡಕ್ಕೆ, ಡಾನ್‌ಕಾಸ್ಟರಿನ ಗ್ರೇಟ್ ನಾರ್ದರ್ನ್ ಬಲಕ್ಕೆ. ಗ್ರೇಟ್ ವೆಸ್ಟರ್ನ್ ಮಾತ್ರ ಕೊನೆಯವರೆಗೂ ಬಲಗಡೆಯನ್ನು ಬಿಡಲಿಲ್ಲ. ಅವರದು ಬರೀ ಮೊಂಡುತನವಾಗಿರಲಿಲ್ಲ. ತಮ್ಮ ದಾರಿಯ ಕೈಮರಗಳನ್ನು ಬಲಗಡೆಯ ಕಣ್ಣಿಗೆ ಕಾಣುವಂತೆ ಹೊಂದಿಸಿ ನಿಲ್ಲಿಸಿದ್ದರು. ಅದಕ್ಕಿಂತ ಮುಖ್ಯವಾಗಿ, 1906ರಿಂದಲೇ ಎಂಜಿನ್ನಿನೊಳಗೆ ಸದ್ದು ಮಾಡುವ ಎಚ್ಚರಿಕೆಯ ಏರ್ಪಾಟನ್ನು ತಂದಿದ್ದರು: ಮುಂದಿನ ದಾರಿ ತೆರೆದಿದ್ದರೆ ಗಂಟೆ, ಇಲ್ಲದಿದ್ದರೆ ಸೈರನ್. ಕಣ್ಣಿಗೆ ಮರೆಯಾದದ್ದನ್ನು ಕಿವಿಗೆ ಮುಟ್ಟಿಸಿದ ಆ ಬುದ್ಧಿವಂತಿಕೆಗೆ ನಾನು ತಲೆಬಾಗುತ್ತೇನೆ.

1923ರ ಜನವರಿ 1ರಂದು ಬ್ರಿಟನ್ನಿನ ನೂರಕ್ಕೂ ಹೆಚ್ಚು ರೈಲು ಕಂಪನಿಗಳನ್ನು ನಾಲ್ಕು ದೊಡ್ಡ ಕಂಪನಿಗಳಾಗಿ ಒಗ್ಗೂಡಿಸಿದರು. ಬಲಗಡೆಯವರೂ ಎಡಗಡೆಯವರೂ ಒಂದೇ ಸಂಸಾರಕ್ಕೆ ಬಿದ್ದರು. ಅದೇ ತಿಂಗಳ 18ರಂದು ಇಲ್ಲಿ, ಭದ್ರೆಯ ದಂಡೆಯಲ್ಲಿ, ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿತು. ಮರುತಿಂಗಳು, ಫೆಬ್ರವರಿಯಲ್ಲಿ, ಡಾನ್‌ಕಾಸ್ಟರ್ ಕಾರ್ಖಾನೆಯಿಂದ ಮುಂದೆ ಲೋಕಪ್ರಸಿದ್ಧವಾದ ಒಂದು ಎಂಜಿನ್ ಹೊರಬಂತು. ಅದರ ಹೆಸರು ಫ್ಲೈಯಿಂಗ್ ಸ್ಕಾಟ್ಸ್‌ಮನ್. ನೈಜಲ್ ಗ್ರೆಸ್ಲಿ ರೂಪಿಸಿದ ಆ ಎಂಜಿನ್ನಿನ ಡ್ರೈವರ್ ಗ್ರೇಟ್ ನಾರ್ದರ್ನ್ ಸಂಪ್ರದಾಯದಂತೆ ಬಲಗಡೆ.

ಅದು ಬಲಗಡೆಯೇ ಉಳಿಯಲಿಲ್ಲ. ಗ್ರೆಸ್ಲಿಯವರ ನಂತರದ ಪ್ರಸಿದ್ಧ ಎಂಜಿನ್ನುಗಳಾದ ಎ-4 ವರ್ಗದಲ್ಲಿ ಡ್ರೈವರ್ ಎಡಕ್ಕೆ ಬಂದ. ಹಳೆಯವನ್ನು ಬದಲಿಸಲು ಮಾತ್ರ ಬಹಳ ಕಾಲ ಹಿಡಿಯಿತು. ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಡಗಡೆಯ ಎಂಜಿನ್ ಆದದ್ದು 1954ರಲ್ಲಿ, ಅದಕ್ಕೆ ಮೂವತ್ತೊಂದು ವರ್ಷ ತುಂಬಿದ ಮೇಲೆ. ಯಾಕೆ ಇಷ್ಟು ತಡ ಎಂದರೆ, ಡ್ರೈವರನ ಬದಿ ಬದಲಿಸುವುದು ಕುರ್ಚಿ ಎತ್ತಿಡುವ ಕೆಲಸವಲ್ಲ. ಎಂಜಿನ್ನಿನ ದಿಕ್ಕನ್ನೂ ಹಬೆಯ ಅಳತೆಯನ್ನೂ ತಿದ್ದುವ ರಿವರ್ಸರ್ ಚಕ್ರ ಡ್ರೈವರನ ಕೈಗೆ ಸಿಗಬೇಕು. ಅದರಿಂದ ಹೊರಟ ಉದ್ದನೆಯ ಸರಳು ಬಾಯ್ಲರಿನ ಆ ಮಗ್ಗುಲಲ್ಲೇ ಚಕ್ರಗಳವರೆಗೆ ಓಡಬೇಕು. ವ್ಯಾಕ್ಯೂಮ್ ಬ್ರೇಕಿನ ಎಜೆಕ್ಟರ್, ಅದರ ದಪ್ಪ ಕೊಳವೆ, ಮರಳು ಉದುರಿಸುವ ಹಿಡಿ ಎಲ್ಲವೂ ಅವನ ಮಗ್ಗುಲಿಗೆ ಬರಬೇಕು. ಎಂಜಿನ್ನಿನ ಒಂದು ಪಕ್ಕೆಯ ನರಗಳನ್ನು ಬಿಚ್ಚಿ ಇನ್ನೊಂದು ಪಕ್ಕೆಗೆ ಹೊಲಿಯುವಷ್ಟು ಕೆಲಸ.

ಬ್ರಿಟನ್ನಿನ ರೈಲ್ವೆ 1948ರಲ್ಲಿ ಸರ್ಕಾರದ್ದಾಯಿತು. 1951ರಿಂದ ಬಂದ ಬ್ರಿಟಾನಿಯಾ ಮೊದಲಾದ ಹೊಸ ಸ್ಟ್ಯಾಂಡರ್ಡ್ ಎಂಜಿನ್ನುಗಳಲ್ಲೆಲ್ಲ ಡ್ರೈವರ್ ಎಡಗಡೆ. ವಾದ ಮುಗಿಯಿತು ಎಂದು ಕಚೇರಿಯಲ್ಲಿ ಕೂತವರಿಗೆ ಅನ್ನಿಸಿರಬೇಕು. ಆದರೆ ಗ್ರೇಟ್ ವೆಸ್ಟರ್ನ್‌ನ ಹಳೆಯ ದಾರಿಗಳಲ್ಲಿ ಕೈಮರಗಳು ಇನ್ನೂ ಬಲಗಡೆಯ ಕಣ್ಣಿಗಾಗಿಯೇ ನಿಂತಿದ್ದವು. 1955ರ ನವೆಂಬರ್ 20, ಭಾನುವಾರ. ವೇಲ್ಸ್‌ನ ಟ್ರೆಹರ್ಬರ್ಟ್‌ನಿಂದ ಲಂಡನ್ನಿಗೆ ಹೊರಟಿದ್ದ ವಿಶೇಷ ರೈಲನ್ನು ಬ್ರಿಟಾನಿಯಾ ವರ್ಗದ 70026ನೆಯ ಪೋಲಾರ್ ಸ್ಟಾರ್ ಎಳೆಯುತ್ತಿತ್ತು. ಡಿಡ್‌ಕಾಟ್ ಹತ್ತಿರದ ಮಿಲ್ಟನ್ ಎಂಬಲ್ಲಿ ಅದನ್ನು ಮುಖ್ಯ ಹಳಿಯಿಂದ ಗೂಡ್ಸ್ ಹಳಿಗೆ ತಿರುಗಿಸಿದ್ದರು. ಗಂಟೆಗೆ 10 ಮೈಲಿ ಮೀರಬಾರದ ಆ ತಿರುವಿಗೆ ರೈಲು ಅದರ ಹಲವು ಪಟ್ಟು ವೇಗದಲ್ಲಿ ನುಗ್ಗಿ ಏರಿಯಿಂದ ಕೆಳಗುರುಳಿತು. ಹನ್ನೊಂದು ಜನ ಸತ್ತರು. ಕೈಮರವನ್ನು ತಪ್ಪಿಸಿಕೊಂಡ ಹೊಣೆ ಮುಖ್ಯವಾಗಿ ಡ್ರೈವರನದೆಂದೇ ತನಿಖೆ ಹೇಳಿತು. ಜೊತೆಗೆ ಇನ್ನೊಂದನ್ನೂ ಹೇಳಿತು: ಬಲಗಡೆಗೆ ಹೊಂದಿಸಿದ ಕೈಮರಗಳ ದಾರಿಯಲ್ಲಿ ಎಡಗಡೆ ಕೂತ ಡ್ರೈವರನಿಗೆ ನೋಟ ಕಷ್ಟ, ಹೊಗೆ ತಡೆಯಲು ಎಂಜಿನ್ನಿನ ಮುಂದೆ ನಿಲ್ಲಿಸಿದ ತಗಡುಗಳ ಮೇಲಿನ ಹಿಡಿಕಂಬಿಯೂ ಅವನ ನೋಟಕ್ಕೆ ಅಡ್ಡ ಬರುತ್ತದೆ. ಆಮೇಲೆ ಆ ಪ್ರಾಂತದ ಬ್ರಿಟಾನಿಯಾಗಳಿಂದ ಹಿಡಿಕಂಬಿಗಳನ್ನು ಕಿತ್ತು, ತಗಡಿನಲ್ಲೇ ಕೈಹಿಡಿಯ ತೂತುಗಳನ್ನು ಕೊರೆದರು.

ಎಡ ಸರಿಯೋ ಬಲ ಸರಿಯೋ ಎಂದು ಗಂಟೆಗಟ್ಟಲೆ ವಾದಿಸುವವರು ಮಿಲ್ಟನ್ನಿನ ಈ ವರದಿಯನ್ನು ನೆನೆಯಬೇಕು. ಬರೀ ಎಡವೂ ಸರಿಯಲ್ಲ, ಬರೀ ಬಲವೂ ಸರಿಯಲ್ಲ. ಕೈಮರ ನಿಲ್ಲಿಸುವವನೂ ಎಂಜಿನ್ ಕಟ್ಟುವವನೂ ಒಬ್ಬರಿಗೊಬ್ಬರು ಮಾತಾಡಿಕೊಂಡಿದ್ದರೆ ಎರಡೂ ಸರಿ, ಮಾತಾಡದಿದ್ದರೆ ಎರಡೂ ಅಪಾಯ.

ಇನ್ನು ನಮ್ಮ ಕಡೆಗೆ ಬರೋಣ. ಶಿವಮೊಗ್ಗದ ದಾರಿಯನ್ನು ಹಾಕಿಸಿದ್ದು ಮೈಸೂರು ಸಂಸ್ಥಾನ. ಮೊದಲು ಅದರ ಮೇಲೆ ರೈಲು ಓಡಿಸಿದ್ದು ಸದರ್ನ್ ಮರಾಠಾ ಕಂಪನಿ, ಆಮೇಲೆ ಅದೇ ಮದ್ರಾಸ್ ಅಂಡ್ ಸದರ್ನ್ ಮರಾಠಾ ಆಯಿತು. 1909ರಲ್ಲಿ ಚೀಫ್ ಎಂಜಿನಿಯರ್ ಆಗಿ ಬಂದ ವಿಶ್ವೇಶ್ವರಯ್ಯನವರ ಕೈಗೆ ರೈಲ್ವೆಯ ಕಾರ್ಯದರ್ಶಿತನವೂ ಬಂತು. ಸಂಸ್ಥಾನದ ರೈಲನ್ನು ಸಂಸ್ಥಾನವೇ ಓಡಿಸಬೇಕೆಂಬ ಯೋಚನೆ ಆ ವರ್ಷಗಳಲ್ಲಿ ಗಟ್ಟಿಯಾಯಿತು. 1919ರಲ್ಲಿ ಬೀರೂರು–ಶಿವಮೊಗ್ಗ ದಾರಿ ಮೈಸೂರಿನ ಆಡಳಿತಕ್ಕೇ ಬಂತು.

ಎಂಜಿನ್ನುಗಳು ಮಾತ್ರ ಸಮುದ್ರದ ಆಚೆಯಿಂದಲೇ ಬರುತ್ತಿದ್ದವು. ಒಂದೊಂದು ಕಂಪನಿ ಒಂದೊಂದು ಬಗೆಯ ಎಂಜಿನ್ ತರಿಸಿದರೆ ಬಿಡಿಭಾಗಕ್ಕೆ ಪರದಾಟ. ಅದನ್ನು ತಪ್ಪಿಸಲು 1903ರಲ್ಲೇ ಬ್ರಿಟಿಷ್ ಎಂಜಿನಿಯರಿಂಗ್ ಸ್ಟ್ಯಾಂಡರ್ಡ್ಸ್‌ನವರು ಭಾರತಕ್ಕೆಂದೇ ಮಾದರಿ ಎಂಜಿನ್ನುಗಳ ಕೆಲಸಕ್ಕೆ ಕೈಹಾಕಿದರು. 1920ರ ದಶಕದಲ್ಲಿ ಇನ್ನೊಂದು ಸಮಿತಿ ಕೂತು ಮೀಟರ್ ಗೇಜಿಗೆ ವೈಬಿ, ವೈಡಿ ಮೊದಲಾದ ವರ್ಗಗಳನ್ನು ಗೊತ್ತುಮಾಡಿತು. ಸ್ವಾತಂತ್ರ್ಯದ ನಂತರ ವೈಪಿ ಮತ್ತು ವೈಜಿ ಬಂದವು: ಪ್ರಯಾಣಿಕರ ರೈಲಿಗೆ ವೈಪಿ, ಸಾಮಾನಿನ ರೈಲಿಗೆ ವೈಜಿ. ವೈಪಿ ಮೊದಲು ಅಮೆರಿಕದ ಬಾಲ್ಡ್‌ವಿನ್ ಕಾರ್ಖಾನೆಯಿಂದ ಬಂತು, ಆಮೇಲೆ ಗ್ಲಾಸ್ಗೋದಿಂದ, ಮ್ಯೂನಿಕ್‌ನಿಂದ. ಕೊನೆಗೆ ಜಮ್‌ಶೆಡ್‌ಪುರದ ಟೆಲ್ಕೋದಲ್ಲೇ ತಯಾರಾಯಿತು. ಒಟ್ಟು 871. ಬಲಗಡೆ ಓಡುವ ರೈಲಿನ, ಬಲಗಡೆ ಕೂರುವ ಡ್ರೈವರನ ದೇಶ ಅಮೆರಿಕ. ಅಲ್ಲಿ ಕಟ್ಟಿದರೂ ಭಾರತದ ವೈಪಿಯಲ್ಲಿ ಡ್ರೈವರನ ಜಾಗ ಎಡಕ್ಕೇ.

ನಮ್ಮ ನಿಯಮವೂ ಅದಕ್ಕೆ ಹೊಂದುತ್ತದೆ. ಭಾರತದ ರೈಲ್ವೆಯಲ್ಲಿ ಕೈಮರವು ತಾನು ಕಾಯುವ ಹಳಿಯ ಎಡಕ್ಕಾಗಲಿ ನೆತ್ತಿಯ ಮೇಲಾಗಲಿ ಇರಬೇಕು; ಕಂಬದ ಎಡಕ್ಕೇ ಅದರ ಕೈ ಚಾಚಿರಬೇಕು. ಕೈ ಅಡ್ಡ ಚಾಚಿದ್ದರೆ ನಿಲ್ಲು, ಕೆಳಗೆ ಬಾಗಿದ್ದರೆ ಹೋಗು. ನಮ್ಮೂರುಗಳಲ್ಲಿ ರೈಲಿಗೆ ಕಾದು ಕೂತವರು ‘ಕೈಮರ ಬಿತ್ತು’ ಎಂದೊಡನೆ ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು. ಅದೇ ಕೈ ಬಿದ್ದದ್ದನ್ನು ಅರ್ಧ ಮೈಲಿ ಆಚೆಯಿಂದ ಎಡಗಿಟಕಿಯಲ್ಲಿ ತಲೆ ಹೊರಗಿಟ್ಟು ಇನ್ನೊಬ್ಬ ನೋಡುತ್ತಿದ್ದ.

ಭದ್ರಾವತಿಯಲ್ಲಿ ಅವನಿಗೆ ಕೆಲಸ ಹೆಚ್ಚು. 1918ರಲ್ಲಿ ಕೈಗೆತ್ತಿಕೊಂಡ ಆ ಕಬ್ಬಿಣದ ಕಾರ್ಖಾನೆಯ ವಿನ್ಯಾಸ ನ್ಯೂಯಾರ್ಕಿನ ಸಿ.ಪಿ. ಪೆರಿನ್ ಅವರದು, ಟಾಟಾರವರ ಜಮ್‌ಶೆಡ್‌ಪುರದ ಕೆಲಸದಲ್ಲೂ ಅವರ ಕೈಯಿತ್ತು. ಭದ್ರಾವತಿಯ ಕುಲುಮೆ ಉರಿದದ್ದು ಕಾಡಿನ ಮರದಿಂದ ಮಾಡಿದ ಇದ್ದಿಲಿನಿಂದ. ಕೆಮ್ಮಣ್ಣುಗುಂಡಿಯ ಅದಿರು ಹಗ್ಗದಾರಿಯಲ್ಲಿ ತೂಗುತ್ತ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಟ್ರಾಂ ಹಳಿಯ ಮೇಲೆ ಕಾರ್ಖಾನೆಗೆ ಬರುತ್ತಿತ್ತು. ಸುಣ್ಣದಕಲ್ಲು ಹತ್ತಿರದ ಭಂಡಿಗುಡ್ಡದಿಂದ. ಇದ್ದಿಲಿಗೆ ಬೇಕಾದ ಮರ ಸುತ್ತಣ ಕಾಡುಗಳಿಂದ. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಪುಟ್ಟ ರೈಲೂ ಇತ್ತು. ಹೀಗೆ ಕೆಲವೇ ಮೈಲಿಗಳ ಅಂತರದಲ್ಲಿ ಹಗ್ಗದಾರಿ, ಟ್ರಾಂ, ನ್ಯಾರೋ ಗೇಜ್, ಮೀಟರ್ ಗೇಜ್ ನಾಲ್ಕೂ ಕೂಡಿದ ಜಾಗ ಸಂಸ್ಥಾನದಲ್ಲಿ ಇನ್ನೊಂದಿತ್ತೇ ಎಂದು ಯೋಚಿಸಿ ನೋಡಿ. 1923ರಿಂದ 1929ರವರೆಗೆ ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ನಷ್ಟದಲ್ಲಿದ್ದ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದರು. 1930ರ ದಶಕದಲ್ಲಿ ಕಾಗದದ ಕಾರ್ಖಾನೆ, ಸಿಮೆಂಟಿನ ಘಟಕವೂ ಸೇರಿದವು. ಒಳಬರುವ ಕಚ್ಚಾ ಸಾಮಾನು, ಹೊರಹೋಗುವ ಕಬ್ಬಿಣ, ಕೊಳವೆ, ಕಾಗದ, ಸಿಮೆಂಟು ಎಂದು ವ್ಯಾಗನ್ನುಗಳ ಜೋಡಣೆ ಬಿಡಿಸುವಿಕೆ ನಡೆದೇ ಇತ್ತು.

ಷಂಟಿಂಗಿನಲ್ಲಿ ಎಡಬಲದ ಪ್ರಶ್ನೆ ಪ್ರತಿ ನಿಮಿಷಕ್ಕೂ ಏಳುತ್ತದೆ. ವ್ಯಾಗನ್ ಜೋಡಿಸುವವನು ಹಸಿರು ಕೆಂಪು ಬಾವುಟ ಹಿಡಿದು ಒಂದು ಬದಿಯಲ್ಲಿ ನಿಂತಿರುತ್ತಾನೆ. ಎಂಜಿನ್ ಮುಂದೆ ಹೋಗುವಾಗ ಡ್ರೈವರನ ಎಡಗಿಟಕಿಗೆ ಅವನು ಕಂಡರೆ ಸರಿ. ಸೈಡಿಂಗ್ ಆ ಬದಿಗೆ ತಿರುಗಿರದಿದ್ದರೆ ಅವನು ಕಾಣುವುದಿಲ್ಲ. ಬಲಗಡೆಯ ಫೈರ್‌ಮನ್ ನೋಡಿ ಕೂಗಿ ಹೇಳಬೇಕು. ಎಂಜಿನ್ ಹಿಮ್ಮುಖವಾಗಿ ಓಡಿದರೆ ಲೆಕ್ಕವೆಲ್ಲ ತಿರುಗುಮುರುಗು. ಕಲ್ಲಿದ್ದಲು ಹೊತ್ತ ಟೆಂಡರ್ ಮುಂದಾಗಿ ಓಡುವ ಎಂಜಿನ್ನಿನಲ್ಲಿ ಎಡಗಡೆಯ ಡ್ರೈವರ್ ಓಟದ ದಿಕ್ಕಿಗೆ ಬಲಗಡೆಯವನಾಗುತ್ತಾನೆ. ಎಡದ ಕೈಮರಗಳೆಲ್ಲ ಅವನ ಪಾಲಿಗೆ ಆಚೆ ಬದಿಗೆ ಹೋಗುತ್ತವೆ. ನಡುವೆ ಕಲ್ಲಿದ್ದಲಿನ ರಾಶಿ, ಅದರ ದೂಳು ಗಾಳಿಗೆ ನೇರ ಕಣ್ಣಿಗೆ. ದಾರಿಯ ಕೊನೆಯ ನಿಲ್ದಾಣಗಳಲ್ಲಿ ಎಂಜಿನ್ ತಿರುಗಿಸುವ ಟರ್ನ್‌ಟೇಬಲ್ ಯಾಕೆ ಅಷ್ಟು ಬೆಲೆಬಾಳುತ್ತಿತ್ತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಶಿವಮೊಗ್ಗದಿಂದಾಚೆಗೆ ಕಂಬಿ ಹೊರಟದ್ದು 1930ರ ದಶಕದಲ್ಲಿ. ಕುಂಸಿ, ಅರಸಾಳು, ಆನಂದಪುರ, ಸಾಗರ; 1940ರಲ್ಲಿ ತಾಳಗುಪ್ಪ. ಜೋಗದ ವಿದ್ಯುತ್ ಯೋಜನೆ ಅದೇ ಹೊತ್ತಿಗೆ ಏಳುತ್ತಿತ್ತು. ಜೋಗಕ್ಕೆ ಅತಿ ಹತ್ತಿರದ ರೈಲು ನಿಲ್ದಾಣ ತಾಳಗುಪ್ಪವೇ. ಬೀರೂರು–ಶಿವಮೊಗ್ಗಕ್ಕೆ ಹೋಲಿಸಿದರೆ ಇದು ಬೇರೆಯೇ ದಾರಿ. ಕಾಡು, ಏರಿಳಿತ, ತಿರುವಿನ ಮೇಲೆ ತಿರುವು. ಎಡಗಡೆ ಕೂತ ಡ್ರೈವರನಿಗೆ ಎಡದ ತಿರುವು ತೆರೆದ ಪುಸ್ತಕ: ಕಂಬಿ ಅವನ ಕಿಟಕಿಯ ಕಡೆಗೇ ಬಾಗುತ್ತದೆ. ಬಲದ ತಿರುವಿನಲ್ಲಿ ಬಾಯ್ಲರ್ ಅಡ್ಡ. ಅವನಿಗೆ ಕಾಣುವುದು ಕಡಿದ ದರೆಯ ಕೆಂಪು ಮಣ್ಣು, ಅದರ ಮೇಲಿಂದ ಬಾಗಿದ ಕೊಂಬೆಗಳು ಮಾತ್ರ.

ಆಷಾಢದ ಒಂದು ರಾತ್ರಿ ಅರಸಾಳಿನ ಕಡೆಯ ಅಂಥ ಬಲತಿರುವನ್ನು ಊಹಿಸಿಕೊಳ್ಳಿ. ಮಳೆ ಓರೆಯಾಗಿ ಬೀಳುತ್ತಿದೆ, ಹೊಗೆ ಮೇಲೇಳದೆ ಬಾಯ್ಲರಿನ ಮಗ್ಗುಲಲ್ಲೇ ಹರಿಯುತ್ತಿದೆ. ಎಂಜಿನ್ನಿನಲ್ಲಿ ಮೂವರು: ಡ್ರೈವರ್, ಫಸ್ಟ್ ಫೈರ್‌ಮನ್, ಕಲ್ಲಿದ್ದಲು ಒಡೆದು ಮುಂದಕ್ಕೆ ತಳ್ಳುವ ಸೆಕೆಂಡ್ ಫೈರ್‌ಮನ್. ನಿಲ್ದಾಣದ ಔಟರ್ ಕೈಮರದ ಮೇಲೆ ಸಂಜೆ ಒಬ್ಬ ಏಣಿ ಹತ್ತಿ ಇಟ್ಟುಹೋದ ಸೀಮೆಎಣ್ಣೆ ದೀಪ ಉರಿಯುತ್ತಿದೆ. ಅದರ ಮುಂದೆ ಕೆಂಪು ಗಾಜೋ ಹಸಿರು ಗಾಜೋ ಎಂಬುದರ ಮೇಲೆ ಇಡೀ ರೈಲಿನ ಬದುಕು. ಬೆಂಕಿಬಾಯಿಯ ಬೆಳಕು ನೋಡಿದ ಕಣ್ಣಿಗೆ ಕತ್ತಲೆ ಇನ್ನೂ ಕತ್ತಲೆ. ಅದಕ್ಕೇ ಅನುಭವಸ್ಥ ಫೈರ್‌ಮನ್ ಕೈಮರ ಹತ್ತಿರವಾಗುವ ಮೊದಲೇ ಬೆಂಕಿಬಾಯಿಯ ಬಾಗಿಲು ಮುಚ್ಚಿ, ಬಲಗಿಟಕಿಗೆ ಹೋಗಿ, ಮಳೆಗೆ ಮುಖವೊಡ್ಡಿ ನಿಲ್ಲುತ್ತಾನೆ. ದೀಪ ಮೊದಲು ಕಾಣುವುದು ಅವನಿಗೆ. ಅವನು ಕೂಗುತ್ತಾನೆ, ತಿರುವು ನೇರವಾಗಿ ದೀಪ ಎಡಗಿಟಕಿಗೂ ಬಂದಾಗ ಡ್ರೈವರ್ ಅದನ್ನೇ ತಿರುಗಿ ಕೂಗುತ್ತಾನೆ. ಇಬ್ಬರ ಕೂಗು ಒಂದಾದರೆ ಮಾತ್ರ ರೆಗ್ಯುಲೇಟರ್ ಮೇಲಿನ ಕೈ ನಿಶ್ಚಿಂತೆಯಿಂದ ಕೆಲಸ ಮಾಡೀತು.

ಇದು ಅವರಿಬ್ಬರ ನಡುವಿನ ಅಭ್ಯಾಸವಷ್ಟೇ ಆಗಿರಲಿಲ್ಲ. ಕೈಮರ ಕಣ್ಣಿಗೆ ಬಿದ್ದ ಕೂಡಲೇ ಅದರ ಸೂಚನೆಯನ್ನು ಇಬ್ಬರೂ ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಬೇಕೆಂದು ಭಾರತೀಯ ರೈಲ್ವೆಯ ನಿಯಮ ಹೇಳುತ್ತದೆ. ಲೋಕೊ ಪೈಲಟ್, ಸಹಾಯಕ ಲೋಕೊ ಪೈಲಟ್ ಎಂದು ಹೆಸರು ಬದಲಾದ ಮೇಲೂ, ಮುಂದೆ ಬಾಯ್ಲರ್ ಇಲ್ಲವಾದ ಮೇಲೂ ಆ ನಿಯಮ ಹಾಗೇ ಇದೆ. ಎಡವೋ ಬಲವೋ ಎಂದು ಬ್ರಿಟನ್ನಿನ ಕಂಪನಿಗಳು ಅರ್ಧ ಶತಮಾನ ಕಾದಾಡಿದ ಪ್ರಶ್ನೆಗೆ ನಿಜವಾದ ಉತ್ತರ ಇದೇ ಎಂದು ನಾನು ನಂಬಿದ್ದೇನೆ. ಡ್ರೈವರನನ್ನು ಎಲ್ಲಿ ಕೂರಿಸಿದರೂ ಅವನಿಗೆ ಸಿಗುವುದು ದಾರಿಯ ಅರ್ಧ. ಉಳಿದರ್ಧ ಫೈರ್‌ಮನ್ನಿನ ಕಣ್ಣಲ್ಲಿದೆ.

ಟೋಕನ್ ವಿಷಯದಲ್ಲೂ ಹಾಗೆಯೇ. ಒಂಟಿಹಳಿಯ ದಾರಿಯಲ್ಲಿ ಎದುರುಬದುರು ರೈಲು ಬಾರದಂತೆ ಕಾಯುತ್ತಿದ್ದದ್ದು ನೀಲ್ಸ್ ಬಾಲ್ ಟೋಕನ್ ಎಂಬ ಲೋಹದ ಚೆಂಡು. ಮುಂದಿನ ನಿಲ್ದಾಣದ ಒಪ್ಪಿಗೆ ಸಿಕ್ಕಾಗ ಮಾತ್ರ ಯಂತ್ರದಿಂದ ಅದು ಹೊರಬರುತ್ತದೆ; ಅದು ಕೈಯಲ್ಲಿಲ್ಲದೆ ಡ್ರೈವರ್ ನಿಲ್ದಾಣ ಬಿಡುವಂತಿಲ್ಲ. ಚೆಂಡನ್ನು ಚರ್ಮದ ಚೀಲದಲ್ಲಿಟ್ಟು, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟುತ್ತಿದ್ದರು. ರೈಲು ನಿಲ್ಲದೆ ಹಾದುಹೋಗುವ ನಿಲ್ದಾಣದಲ್ಲಿ ಪಾಯಿಂಟ್ಸ್‌ಮನ್ ಆ ಬಳೆಯನ್ನು ಎತ್ತಿ ಹಿಡಿದು ನಿಲ್ಲುತ್ತಿದ್ದ, ರಾತ್ರಿಯಾದರೆ ಕೈಯಲ್ಲಿ ಪಂಜು. ಎಂಜಿನ್ನಿನವನು ಹಿಂದಿನ ನಿಲ್ದಾಣದ ಬಳೆಯನ್ನು ಎಸೆದು, ತೋಳು ಚಾಚಿ ಹೊಸ ಬಳೆಯನ್ನು ಮೊಳಕೈಗೆ ಸಿಕ್ಕಿಸಿಕೊಳ್ಳಬೇಕು. ಪ್ಲಾಟ್‌ಫಾರಂ ಯಾವ ಕಡೆಗಿದೆಯೋ ಆ ಕಡೆಯವನ ತೋಳಿಗೆ ಆ ಕೆಲಸ. ಬಳೆ ಬಡಿದ ಜಾಗದಲ್ಲಿ ತೋಳು ನೀಲಿಗಟ್ಟುತ್ತಿತ್ತು.

ಈ ಕೆಲಸಕ್ಕೆ ಏರಿದ ಮೆಟ್ಟಿಲುಗಳೂ ಸಲೀಸಲ್ಲ. ಷೆಡ್ಡಿನಲ್ಲಿ ಎಂಜಿನ್ ಒರೆಸುವ ಕ್ಲೀನರ್ ಆಗಿ ಸೇರಿ, ಸೆಕೆಂಡ್ ಫೈರ್‌ಮನ್, ಫಸ್ಟ್ ಫೈರ್‌ಮನ್, ಷಂಟರ್, ಗೂಡ್ಸ್ ಡ್ರೈವರ್ ಎಂದು ಒಂದೊಂದೇ ದಾಟಿ ಪ್ಯಾಸೆಂಜರ್ ಡ್ರೈವರ್ ಆಗುವ ಹೊತ್ತಿಗೆ ತಲೆಯಲ್ಲಿ ಬಿಳಿಕೂದಲು. ಬಲಗಿಟಕಿಯಿಂದ ಎಡಗಿಟಕಿಗೆ, ಆ ಐದಾರು ಅಡಿ ದೂರವನ್ನು ದಾಟಲು ಹದಿನೈದು ಇಪ್ಪತ್ತು ವರ್ಷ. ನಡುನಡುವೆ ಕಣ್ಣಿನ ಪರೀಕ್ಷೆ. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಗುರುತಿಸಲಾಗದವನು ಅಲ್ಲಿಗೇ ಎಂಜಿನ್ನಿನಿಂದ ಇಳಿಯಬೇಕು. ಬ್ರಿಟಿಷರ ಕಾಲದಲ್ಲಿ ಮುಖ್ಯ ರೈಲುಗಳ ಎಡಗಿಟಕಿ ಬಹುಪಾಲು ಯುರೋಪಿಯನ್ನರಿಗೂ ಆಂಗ್ಲೋ ಇಂಡಿಯನ್ನರಿಗೂ ಮೀಸಲು ಎಂಬಂತಿತ್ತು. ನಮ್ಮವರು ಸಲಿಕೆಯ ಕಡೆ ನಿಂತು ಬಹಳ ಕಾಲ ಕಾದರು.

1950ರ ಏಪ್ರಿಲ್‌ನಲ್ಲಿ ಮೈಸೂರು ಸ್ಟೇಟ್ ರೈಲ್ವೆ ಭಾರತ ಸರ್ಕಾರದ ಕೈ ಸೇರಿ, 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯ ಭಾಗವಾಯಿತು. ವೈಪಿ, ವೈಜಿಗಳ ಕಾಲ ಅಲ್ಲಿಂದ ಮೂರ್ನಾಲ್ಕು ದಶಕ. ದೇಶದಲ್ಲಿ ತಯಾರಾದ ಕೊನೆಯ ಉಗಿ ಎಂಜಿನ್ನುಗಳೂ ಮೀಟರ್ ಗೇಜಿನವೇ, 1972ರ ವೈಜಿಗಳು. ಆಮೇಲೆ ಡೀಸೆಲ್ ಬಂತು; ಬೆಟ್ಟದ ರೈಲುಗಳನ್ನು ಬಿಟ್ಟರೆ 1990ರ ದಶಕ ಮುಗಿಯುವ ಹೊತ್ತಿಗೆ ದೇಶದಲ್ಲಿ ಉಗಿಯ ದಿನನಿತ್ಯದ ಓಟವೇ ನಿಂತಿತು. ಶಿವಮೊಗ್ಗದವರೆಗೆ ಹಳಿ ಅಗಲವಾಯಿತು. ತಾಳಗುಪ್ಪದ ದಾರಿಯಲ್ಲಿ ಸ್ವಲ್ಪ ಕಾಲ ರೈಲುಬಸ್ಸು ಓಡಿ, 2011ರಲ್ಲಿ ಬ್ರಾಡ್ ಗೇಜ್ ರೈಲು ಅಲ್ಲಿಗೂ ಮುಟ್ಟಿತು. ಬಣ್ಣದ ದೀಪದ ಸಿಗ್ನಲ್ಲುಗಳು ಬಂದು ಕೈಮರಗಳು ಗುಜರಿಗೆ ಹೋದವು.

ಅರಸಾಳಿನ ಹಳೆಯ ನಿಲ್ದಾಣದ ಕಟ್ಟಡ ಮಾತ್ರ ಉಳಿದಿದೆ. ಶಂಕರನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ರೈಲು ನಿಲ್ದಾಣವಾಗಿ ಅದನ್ನು ಬಳಸಿಕೊಂಡಿದ್ದರಿಂದ ಜನ ಅದನ್ನು ನೆನಪಿಟ್ಟುಕೊಂಡರು. 2020ರಲ್ಲಿ ಅದು ವಸ್ತುಸಂಗ್ರಹಾಲಯವಾಯಿತು. ಕಥೆಯ ಊರಿಗೆ ಸಿಕ್ಕ ಈ ಗೌರವ ಕಂಡು ಸಂತೋಷ. ಅದೇ ನಿಲ್ದಾಣದ ಮುಂದೆ ನಿಜವಾಗಿ ಬಳೆ ಎತ್ತಿ ಹಿಡಿದವರಿಗೂ ಮಳೆಯಲ್ಲಿ ಕೈಮರ ಕೂಗಿದವರಿಗೂ ಅಷ್ಟೇ ಗೌರವ ಸಲ್ಲಬೇಕು. ಮೈಸೂರಿನ ರೈಲು ವಸ್ತುಸಂಗ್ರಹಾಲಯ 1979ರಿಂದ ಎಂಜಿನ್ನುಗಳನ್ನು ಕಾಪಾಡಿಕೊಂಡು ಬಂದಿದೆ. ಕಬ್ಬಿಣ ಉಳಿದಿದೆ, ಅದರ ಎರಡು ಕಿಟಕಿಗಳಲ್ಲಿ ನಿಂತವರ ಮಾತು ಅಷ್ಟು ಉಳಿದಿಲ್ಲ.

ಶಿವಮೊಗ್ಗ, ಭದ್ರಾವತಿ, ಬೀರೂರು, ಅರಸೀಕೆರೆಗಳಲ್ಲಿ ಉಗಿ ಎಂಜಿನ್ನಿನ ಮೇಲೆ ದುಡಿದು ನಿವೃತ್ತರಾದವರ ಮನೆಗಳು ಇನ್ನೂ ಇವೆ. ಅವರಲ್ಲಿ ಕಿರಿಯರಿಗೂ ಈಗ ವಯಸ್ಸಾಗಿದೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಅಂಥವರಿದ್ದರೆ ಈ ವಾರವೇ ಅವರ ಬಳಿ ಕೂತು ಕೇಳಿ: ಯಾವ ನಿಲ್ದಾಣದ ಔಟರ್ ಬಲತಿರುವಿನಲ್ಲಿ ಮರೆಯಾಗುತ್ತಿತ್ತು, ಫೈರ್‌ಮನ್ ಅದನ್ನು ಯಾವ ಮಾತಿನಲ್ಲಿ ಕೂಗುತ್ತಿದ್ದ, ಹಿಮ್ಮುಖವಾಗಿ ಓಡಿದ ರಾತ್ರಿಗಳಲ್ಲಿ ಏನು ಮಾಡುತ್ತಿದ್ದರು. ಫೋನಿನಲ್ಲಿ ಧ್ವನಿ ಹಿಡಿದಿಡಿ, ಊರು ಮತ್ತು ವರ್ಷ ಬರೆದಿಡಿ, ಒಂದು ಪ್ರತಿಯನ್ನು ಮೈಸೂರಿನ ಅಥವಾ ಅರಸಾಳಿನ ವಸ್ತುಸಂಗ್ರಹಾಲಯಕ್ಕೆ ಕಳಿಸಿಕೊಡಿ.